ಪಾರ್ಕಿನ್ಸನ್: ತಲಪಾಡಿಯ ಆಚೆ ವೈದ್ಯರು, ಈಚೆ ರೋಗಿಗಳು

ಕುಂಬಳೆ: ನಮ್ಮ ನೆರೆಯಲ್ಲಿ ಬೀಡಿ ಕಟ್ಟುವ ಅಕ್ಕ ಒಬ್ಬರಿದ್ದಾರೆ. ಹೆಸರು ಬೇಡ. ಮದುವೆಯಾಗಿ ಬಂದಂದಿನಿಂದ ದಿನಕ್ಕೆ ಸಾವಿರ ಬೀಡಿ ಅವರ ಲೆಕ್ಕ. ಮಕ್ಕಳ ಓದು, ಮಗಳ ಮದುವೆ ಎಲ್ಲವೂ ಆ ಲೆಕ್ಕದಲ್ಲೇ ನಡೆದದ್ದು. 2017ರ ಸುಮಾರಿಗೆ ಸಾವಿರ ಎಂಟುನೂರಾಯಿತು, ಮತ್ತೆ ಆರುನೂರಾಯಿತು. ಎಲೆ ಕತ್ತರಿಸುವಾಗ ಮೊದಲಿನ ವೇಗವಿಲ್ಲ. ನೂಲು ಸುತ್ತುವಾಗ ಬಲಗೈಯ ಹೆಬ್ಬೆರಳು ಹೇಳಿದ ಮಾತು ಕೇಳುವುದಿಲ್ಲ. ಬ್ರಾಂಚಿಗೆ ಬೀಡಿ ಒಪ್ಪಿಸಲು ಹೋದಾಗ ಅಲ್ಲಿಯವರು "ಏನಕ್ಕಾ, ಉದಾಸೀನವಾ?" ಎಂದು ನಕ್ಕರಂತೆ. ಮನೆಯವರು ಪ್ರಾಯ ಆಯಿತು ಎಂದರು. ಆಗ ಅಕ್ಕನಿಗೆ ಐವತ್ತೆಂಟು.

ಆಮೇಲೆ ಬಲಭುಜ ನೋಯತೊಡಗಿತು. ಒಂದು ಕಡೆ ಎಣ್ಣೆ ತಿಕ್ಕಿಸಿದರು, ಇನ್ನೊಂದು ಕಡೆ ಇಂಜೆಕ್ಷನ್ ಕೊಡಿಸಿದರು. ತಲೆ ತಿರುಗುತ್ತದೆ ಎಂದಾಗ ಒಂದು ಗುಳಿಗೆ, ಹೊಟ್ಟೆ ಉಬ್ಬರ ಎಂದಾಗ ಇನ್ನೊಂದು. ಹೀಗೆ ಒಂದೂವರೆ ವರ್ಷ ಕಳೆಯಿತು. ಕೊನೆಗೆ ಮಂಗಳೂರಿನ ಒಂದು ಆಸ್ಪತ್ರೆಯ ನರರೋಗ ತಜ್ಞರು ಅವರನ್ನು ಕೋಣೆಯ ಬಾಗಿಲಿನಿಂದ ಮೇಜಿನ ತನಕ ನಡೆಸಿ ನೋಡಿದರು. ನಡೆಯುವಾಗ ಎಡಗೈ ಬೀಸುತ್ತಿತ್ತು, ಬಲಗೈ ಸೊಂಟಕ್ಕೆ ಅಂಟಿಕೊಂಡೇ ಇತ್ತು. ಹೆಬ್ಬೆರಳಿಗೆ ತೋರುಬೆರಳನ್ನು ಬೇಗ ಬೇಗ ತಾಗಿಸಲು ಹೇಳಿದರು. ಎಡಗೈ ತಾಗಿಸಿತು, ಬಲಗೈ ನಾಲ್ಕು ಸಲದಲ್ಲೇ ಸಣ್ಣಗಾಗಿ ನಿಂತಿತು. ಕೈ ನಡುಕ ಎಂಬುದು ಇರಲೇ ಇಲ್ಲ. ಆದರೂ ಅದು ಪಾರ್ಕಿನ್ಸನ್.

ಕೈ ನಡುಗಿದರೆ ಮಾತ್ರ ಈ ಕಾಯಿಲೆ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. 1817ರಲ್ಲಿ ಲಂಡನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದರ ಬಗ್ಗೆ ಬರೆದ ಸಣ್ಣ ಪುಸ್ತಕದ ಹೆಸರಿನಲ್ಲೇ ನಡುಕ ಇತ್ತು. ನಮ್ಮ ಆಯುರ್ವೇದದವರೂ ಕಂಪವಾತ ಎನ್ನುತ್ತಾರೆ. ಹೆಸರೇ ದಾರಿ ತಪ್ಪಿಸುವುದು ಹೀಗೆ. ನಿಜವಾಗಿ ವೈದ್ಯರು ಮೊದಲು ಹುಡುಕುವುದು ನಿಧಾನವನ್ನು. ಅದರ ಜತೆಗೆ ಬಿಗಿತ ಅಥವಾ ನಡುಕ ಇರಬೇಕು. ಗಣನೀಯ ಸಂಖ್ಯೆಯ ರೋಗಿಗಳಿಗೆ ಆರಂಭದಲ್ಲಿ ನಡುಕ ಇರುವುದೇ ಇಲ್ಲ. ಮತ್ತೊಂದು ಕಡೆ, ಲೋಟ ಎತ್ತುವಾಗ, ಸಹಿ ಹಾಕುವಾಗ ಎರಡೂ ಕೈ ನಡುಗುವ ಎಷ್ಟೋ ಹಿರಿಯರಿಗೆ ಇರುವುದು ಬೇರೆಯೇ ತೊಂದರೆ. ಅದು ಹೆಚ್ಚಾಗಿ ಮನೆತನದಲ್ಲಿ ಬರುವಂಥದ್ದು, ಪಾರ್ಕಿನ್ಸನ್ ಅಲ್ಲ. ಪಾರ್ಕಿನ್ಸನ್ ನಡುಕ ಕೈ ತೊಡೆಯ ಮೇಲೆ ಸುಮ್ಮನೆ ಇರುವಾಗ, ಅದೂ ಒಂದೇ ಬದಿಯಿಂದ ಶುರುವಾಗುತ್ತದೆ.

ಒಳಗೆ ಆಗುವುದು ಇಷ್ಟು. ಮಿದುಳಿನ ನಡುಭಾಗದಲ್ಲಿ ಕಪ್ಪು ಬಣ್ಣದ ಒಂದು ಸಣ್ಣ ಪಟ್ಟಿ ಇದೆ. ಅಲ್ಲಿಯ ನರಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಕೈಕಾಲುಗಳ ಚಲನೆ ಸರಾಗವಾಗಿ ನಡೆಯಬೇಕಾದರೆ ಅದು ಬೇಕು. ಆ ಕೋಶಗಳು ಒಂದೊಂದಾಗಿ ಸಾಯುತ್ತವೆ. ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಹೋದ ಮೇಲೆಯೇ ಹೊರಗೆ ಗೊತ್ತಾಗುವುದು. ಅದಕ್ಕೂ ವರ್ಷಗಳ ಮೊದಲೇ ಕೆಲವು ಸೂಚನೆಗಳು ಬಂದಿರಬಹುದು. ಮಲಬದ್ಧತೆ, ಮೂಗಿಗೆ ವಾಸನೆ ತಿಳಿಯದಿರುವುದು, ನಿದ್ದೆಯಲ್ಲಿ ಕೂಗುವುದು ಮತ್ತು ಕೈಕಾಲು ಬಡಿಯುವುದು ಅಂಥವು. ಒಗ್ಗರಣೆಯ ವಾಸನೆ ಬರುವುದಿಲ್ಲ ಎಂದು ಯಾರು ಡಾಕ್ಟರ ಹತ್ತಿರ ಹೋಗುತ್ತಾರೆ? ಅಕ್ಷರ ಬರಬರುತ್ತಾ ಸಣ್ಣದಾಗುವುದು, ಸ್ವರ ಇಳಿಯುವುದು, ಮುಖದ ನಗು ಮಾಯವಾಗುವುದು ಆಮೇಲಿನದ್ದು. ಮುಖ ಬಿಗಿದುಕೊಂಡಾಗ ಅತ್ತೆಗೆ ಸಿಟ್ಟು, ಮಾವನಿಗೆ ಅಹಂಕಾರ ಎಂದು ಮನೆಯೊಳಗೆ ಜಗಳ ಆದದ್ದನ್ನೂ ಕಂಡಿದ್ದೇನೆ.

ಈ ರೋಗವನ್ನು ಖಚಿತಪಡಿಸುವ ರಕ್ತಪರೀಕ್ಷೆ ನಮ್ಮ ಆಸ್ಪತ್ರೆಗಳ ದಿನನಿತ್ಯದ ಬಳಕೆಗೆ ಇನ್ನೂ ಬಂದಿಲ್ಲ. ಎಂಆರ್‌ಐ ಮಾಡಿಸುವುದು ಬೇರೆ ಕಾರಣಗಳಿಲ್ಲ ಎಂದು ಖಾತ್ರಿಪಡಿಸಲು. ಪಾರ್ಕಿನ್ಸನ್ ಇದ್ದವರ ಎಂಆರ್‌ಐ ಬಹುತೇಕ ಸಾಮಾನ್ಯವಾಗಿಯೇ ಕಾಣುತ್ತದೆ. ಸ್ಕ್ಯಾನಿನಲ್ಲಿ ಏನೂ ಇಲ್ಲವಂತೆ ಎಂದು ಸಮಾಧಾನಪಟ್ಟು ಮನೆಗೆ ಬಂದವರು ಇದನ್ನು ನೆನಪಿಡಬೇಕು. ಡೋಪಮಿನ್ ಕೊರತೆ ತೋರಿಸುವ ವಿಶೇಷ ಸ್ಕ್ಯಾನ್ ದೊಡ್ಡ ನಗರಗಳಲ್ಲಿದೆ, ಎಲ್ಲರಿಗೂ ಬೇಕಾಗುವುದಿಲ್ಲ. ಅನುಭವಿ ವೈದ್ಯರು ಕೂತು ಕೇಳಿ, ನಡೆಸಿ ನೋಡಿ, ಮದ್ದು ಕೊಟ್ಟು ಅದಕ್ಕೆ ದೇಹ ಹೇಗೆ ಸ್ಪಂದಿಸುತ್ತದೆ ಎಂದು ಗಮನಿಸಿ ತೀರ್ಮಾನಿಸುತ್ತಾರೆ. ಹಾಗಾಗಿ ಯಂತ್ರಕ್ಕಿಂತ ಹೆಚ್ಚು ಬೇಕಾದದ್ದು ವೈದ್ಯರು, ಸಮಯ ಮತ್ತು ಭಾಷೆ. ಕಾಸರಗೋಡಿನ ಸಮಸ್ಯೆ ಇರುವುದು ಈ ಮೂರರಲ್ಲೇ.

ಗ್ಯಾಸಿನ ಗುಳಿಗೆಯ ಕತೆ

ಅಕ್ಕನನ್ನು ನೋಡಿದ ತಜ್ಞರು ಹೊಸ ಮದ್ದು ಬರೆಯುವ ಮೊದಲು ಹಳೆಯ ಮದ್ದಿನ ಚೀಲ ಮೇಜಿನ ಮೇಲೆ ಸುರಿಯಲು ಹೇಳಿದರು. ಅದರಲ್ಲಿ ಎರಡು ಸ್ಟ್ರಿಪ್ ಬದಿಗೆ ಸರಿಸಿ, ಇವು ಇಂದಿನಿಂದ ಬೇಡ ಎಂದರು. ಒಂದು ತಲೆ ತಿರುಗುವುದಕ್ಕೆ ಕೊಟ್ಟದ್ದು, ಒಂದು ಗ್ಯಾಸಿಗೆ ಕೊಟ್ಟದ್ದು.

ಈ ಭಾಗವನ್ನು ಓದುಗರು ದಯವಿಟ್ಟು ಗಮನವಿಟ್ಟು ಓದಬೇಕು. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ತಲೆನೋವಿಗೂ ಕೊಡುವ ಫ್ಲುನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಆಸಿಡಿಟಿಯ ಗುಳಿಗೆಯೊಂದಿಗೆ ಬೆರೆಸಿ ಬರುವ ಲೆವೊಸಲ್ಪಿರೈಡ್ ಇವೆಲ್ಲ ಮಿದುಳಿನಲ್ಲಿ ಡೋಪಮಿನ್ ಕೆಲಸಕ್ಕೆ ಅಡ್ಡಿ ಮಾಡಬಲ್ಲವು. ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಮದ್ದುಗಳೂ ಹಾಗೆಯೇ. ಹಿರಿಯರು ಇವನ್ನು ತಿಂಗಳುಗಟ್ಟಲೆ ನುಂಗಿದರೆ ಪಾರ್ಕಿನ್ಸನ್‌ನಂತೆಯೇ ಕಾಣುವ ಬಿಗಿತ, ನಿಧಾನ, ನಡುಕ ಬರುವ ಸಂಭವವಿದೆ. ಒಳ್ಳೆಯ ಸುದ್ದಿ ಎಂದರೆ, ಮದ್ದಿನಿಂದ ಬಂದದ್ದು ಮದ್ದು ನಿಲ್ಲಿಸಿದರೆ ಹೆಚ್ಚಿನವರಲ್ಲಿ ವಾರಗಳಲ್ಲೋ ತಿಂಗಳುಗಳಲ್ಲೋ ಇಳಿಯುತ್ತದೆ. ಕೆಲವರಲ್ಲಿ ಮಾತ್ರ ಒಳಗೆ ಅಡಗಿದ್ದ ನಿಜವಾದ ಪಾರ್ಕಿನ್ಸನ್ ಉಳಿಯುತ್ತದೆ. ನಮ್ಮ ಅಕ್ಕನದ್ದು ಹಾಗಾಯಿತು. ಆದರೆ ಮಾನಸಿಕ ಕಾಯಿಲೆಯ ಮದ್ದನ್ನು ಯಾರೂ ತಾವಾಗಿ ನಿಲ್ಲಿಸಬಾರದು, ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು.

ಈ ಗುಳಿಗೆಗಳು ಕೆಟ್ಟವು ಎಂದಲ್ಲ. ಐದು ದಿನಕ್ಕೆ ಎಂದು ಬರೆದ ಚೀಟಿ ನಮ್ಮಲ್ಲಿ ಐದು ತಿಂಗಳು ನಡೆಯುತ್ತದೆ. ಹಳೆಯ ಸ್ಟ್ರಿಪ್ ತೋರಿಸಿದರೆ ಸಾಕು, ಮೆಡಿಕಲಿನಲ್ಲಿ ಹೊಸದು ಸಿಗುತ್ತದೆ. ಕುಂಬಳೆ ಪೇಟೆಯಲ್ಲಿ ಒಂದು ಚೀಟಿ, ಕಾಸರಗೋಡಿನಲ್ಲಿ ಒಂದು, ಮಂಗಳೂರಿನಲ್ಲಿ ಮತ್ತೊಂದು. ಎಲ್ಲವನ್ನೂ ಒಟ್ಟಿಗೆ ನೋಡುವವರು ಯಾರೂ ಇಲ್ಲ. ಗಡಿಯವರಾದ ನಮಗೆ ಈ ತೊಂದರೆ ಬೇರೆಯವರಿಗಿಂತ ಒಂದು ಪಾಲು ಹೆಚ್ಚು.

ತಲಪಾಡಿ ಮುಚ್ಚಿದ ದಿನಗಳು

ಕುಂಬಳೆಯಿಂದ ಮಂಗಳೂರಿಗೆ ನಲವತ್ತು ಕಿಲೋಮೀಟರಿನ ಆಸುಪಾಸು. ತಿರುವನಂತಪುರಕ್ಕೆ ಐನೂರೈವತ್ತಕ್ಕೂ ಹೆಚ್ಚು. ಚಲನೆಯ ಕಾಯಿಲೆಗಳಿಗೆ ದೇಶದಲ್ಲೇ ಹೆಸರಾದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ನಮ್ಮದೇ ರಾಜ್ಯದಲ್ಲಿದ್ದರೂ ಅದು ರಾತ್ರಿ ರೈಲಿನ ದೂರ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಹತ್ತಿರವೇನಲ್ಲ. ಹೀಗಾಗಿ ದೇರಳಕಟ್ಟೆ, ಕಂಕನಾಡಿ, ಅತ್ತಾವರಗಳ ಆಸ್ಪತ್ರೆಗಳೇ ನಮ್ಮ ಜಿಲ್ಲಾಸ್ಪತ್ರೆಗಳು ಎಂದು ತಮಾಷೆ ಮಾಡುವುದುಂಟು.

2020ರ ಮಾರ್ಚ್ ಕೊನೆಗೆ ಆ ತಮಾಷೆ ನಿಂತಿತು. ಕೊರೊನಾ ಕಾರಣಕ್ಕೆ ಕರ್ನಾಟಕ ಸರಕಾರ ಗಡಿ ಮುಚ್ಚಿತು. ತಲಪಾಡಿಯಲ್ಲಿ ಆಂಬುಲೆನ್ಸ್ ಹಿಂದಕ್ಕೆ ಬಂದವು, ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಚಿಕಿತ್ಸೆಗೆ ಮಂಗಳೂರು ತಲುಪಲಾಗದೆ ಜಿಲ್ಲೆಯಲ್ಲಿ ಹಲವು ಮಂದಿ ತೀರಿಹೋದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಸಬೇಕೆಂದು ಆದೇಶಿಸಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ರೋಗಿಗಳನ್ನು ಬಿಡುವ ಬಗ್ಗೆ ಎರಡು ರಾಜ್ಯಗಳೂ ಒಪ್ಪಂದಕ್ಕೆ ಬಂದವು. 2021ರಲ್ಲಿ ಮತ್ತೆ ಪರೀಕ್ಷಾ ವರದಿ ತೋರಿಸಿ ದಾಟಬೇಕಾದ ಪರಿಸ್ಥಿತಿ ಬಂತು.

ಆಗ ಪತ್ರಿಕೆಗಳಲ್ಲಿ ಬಂದದ್ದು ಹೃದಯಾಘಾತ, ಹೆರಿಗೆ, ಡಯಾಲಿಸಿಸ್ ಸುದ್ದಿ. ಅದು ಸಹಜ. ಪಾರ್ಕಿನ್ಸನ್ ರೋಗಿಯ ಕಷ್ಟ ಸುದ್ದಿಯಾಗುವುದಿಲ್ಲ, ಏಕೆಂದರೆ ಅವರ ಸ್ವರವೇ ಹೊರಗೆ ಕೇಳುವುದಿಲ್ಲ. ಅಕ್ಕನ ಮದ್ದು ಮಂಗಳೂರಿನಿಂದ ತಿಂಗಳಿಗೊಮ್ಮೆ ಬರುತ್ತಿತ್ತು. ಲಾಕ್‌ಡೌನಿನ ಎರಡನೇ ವಾರ ಮುಗಿಯಿತು. ಎರಡು ದಿನ ಅರ್ಧ ಗುಳಿಗೆ, ಮತ್ತೆ ಎರಡು ದಿನ ಏನೂ ಇಲ್ಲ. ಐದನೆಯ ದಿನ ಬೆಳಿಗ್ಗೆ ಅವರು ಚಾಪೆಯಲ್ಲಿ ಮಗ್ಗುಲು ಬದಲಿಸಲಾರದೆ ಮರದ ತುಂಡಿನಂತೆ ಬಿದ್ದಿದ್ದರು. ಮಗ ಕಾಸರಗೋಡಿನಲ್ಲಿ ಹುಡುಕಿ ಬೇರೆ ಕಂಪೆನಿಯ, ಬೇರೆ ಪ್ರಮಾಣದ ಗುಳಿಗೆ ತಂದು, ಡಾಕ್ಟರಿಗೆ ಫೋನು ಮಾಡಿ ಲೆಕ್ಕ ಕೇಳಿ ಕೊಟ್ಟ. ಈ ಮದ್ದನ್ನು ಒಮ್ಮೆಲೇ ನಿಲ್ಲಿಸಿದರೆ ಬಿಗಿತದೊಂದಿಗೆ ವಿಪರೀತ ಜ್ವರ ಬಂದು ಜೀವಕ್ಕೇ ಅಪಾಯವಾಗಬಹುದು ಎಂಬುದು ಆ ಮನೆಯವರಿಗೆ ಅಂದೇ ತಿಳಿದದ್ದು. ಮದ್ದು ಶುರುಮಾಡುವ ದಿನವೇ ಇದನ್ನು ಹೇಳಬೇಕಿತ್ತು. ಹತ್ತು ದಿನದ ಮದ್ದು ಯಾವಾಗಲೂ ಕೈಯಲ್ಲಿ ಮಿಗುವಂತೆ ಇಟ್ಟುಕೊಳ್ಳುವುದು ಗಡಿಯ ಈಚೆಗಿನವರಿಗೆ ಅಗತ್ಯ.

ನಾಯಿಸೊಣಗು ಬಳ್ಳಿಯಿಂದ ಗುಳಿಗೆಯ ತನಕ

ಮದ್ದಿನ ಹೆಸರು ಲೆವೊಡೋಪಾ. ಮಿದುಳಿಗೆ ಹೋಗಿ ಡೋಪಮಿನ್ ಆಗುತ್ತದೆ. ದಾರಿಯಲ್ಲೇ ಹಾಳಾಗದಂತೆ ಕಾರ್ಬಿಡೋಪಾ ಬೆರೆಸಿರುತ್ತಾರೆ. 1961ರಲ್ಲಿ ವಿಯೆನ್ನಾದಲ್ಲಿ ಇದನ್ನು ರೋಗಿಗಳಿಗೆ ಚುಚ್ಚಿ ನೋಡಿದರು, 1967ರ ನಂತರ ಬಾಯಿಯ ಮೂಲಕ ಕೊಡುವ ಕ್ರಮ ನೆಲೆಗೊಂಡಿತು. ಇಂದಿಗೂ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಗುಳಿಗೆ ಬಂದಿಲ್ಲ.

ಇದರಲ್ಲಿ ನಮ್ಮ ಕಡೆಯದ್ದೂ ಒಂದು ಪಾಲಿದೆ. ಗುಡ್ಡೆಯಲ್ಲಿ ಮೈಗೆ ತಾಗಿದರೆ ತುರಿಸಿ ತುರಿಸಿ ಸಾಕಾಗುವ ನಾಯಿಸೊಣಗು ಬಳ್ಳಿ ಎಲ್ಲರಿಗೂ ಗೊತ್ತು. ಘಟ್ಟದ ಮೇಲೆ ನಸುಗುನ್ನಿ ಎನ್ನುತ್ತಾರೆ, ಮಲಯಾಳದಲ್ಲಿ ನಾಯ್ಕುರಣ. ಅದರ ಬೀಜದಲ್ಲಿ ಲೆವೊಡೋಪಾ ಇದೆಯೆಂದು 1937ರಲ್ಲಿ ಬೇರ್ಪಡಿಸಿ ತೋರಿಸಿದವರು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ. ಆಗ ನಮ್ಮ ಕಾಸರಗೋಡು ಕೂಡ ಮದರಾಸು ಪ್ರಾಂತ್ಯದಲ್ಲೇ ಇತ್ತು. ಆಯುರ್ವೇದದವರು ಆ ಬೀಜವನ್ನು ಶೋಧಿಸಿ ಬಹುಕಾಲದಿಂದ ಬಳಸುತ್ತಿದ್ದಾರೆ. ಹಾಗೆಂದು ಗುಡ್ಡೆಯಿಂದ ಬೀಜ ತಂದು ಹುರಿದು ಪುಡಿ ಮಾಡಿ ತಿನ್ನುವುದು ಸರಿಯಲ್ಲ. ಒಂದು ಬೀಜದಲ್ಲಿ ಎಷ್ಟಿದೆ ಎಂದು ಅಳೆಯುವವರಿಲ್ಲ. ಗುಳಿಗೆಯನ್ನೂ ಪುಡಿಯನ್ನೂ ಒಟ್ಟಿಗೆ ತೆಗೆದುಕೊಂಡರೆ ಮದ್ದು ಮಿತಿ ಮೀರಿ ರಕ್ತದೊತ್ತಡ ಕುಸಿಯಬಹುದು, ಇಲ್ಲದ್ದು ಕಾಣಿಸಬಹುದು. ಪುಡಿ ತಿನ್ನುವವರು ಕಡೇಪಕ್ಷ ಡಾಕ್ಟರ ಹತ್ತಿರ ಅದನ್ನು ಮುಚ್ಚಿಡಬಾರದು.

ಲೆವೊಡೋಪಾದ ಕೆಲಸ ಗಡಿಯಾರದ ಮೇಲೆ ನಿಂತಿದೆ. ಊಟಕ್ಕೆ ಅರ್ಧ ಗಂಟೆ ಮೊದಲೋ ಒಂದು ಗಂಟೆ ನಂತರವೋ ತೆಗೆದುಕೊಂಡರೆ ಚೆನ್ನಾಗಿ ಹಿಡಿಯುತ್ತದೆ. ಮೀನು, ಮೊಟ್ಟೆ, ಬೇಳೆಯ ಜತೆ ಹೋದರೆ ಹೊಟ್ಟೆಯಲ್ಲಿ ಪೈಪೋಟಿಯಾಗಿ ಮದ್ದು ಹಿಂದೆ ಬೀಳುತ್ತದೆ. ಮೀನು ಬಿಡಬೇಕಾಗಿಲ್ಲ, ಹೊತ್ತು ಬೇರೆ ಮಾಡಿದರೆ ಸಾಕು. ಕೆಲವು ವರ್ಷಗಳ ನಂತರ ಒಂದು ಗುಳಿಗೆಯ ಬಲ ಮುಂದಿನ ಗುಳಿಗೆಯ ತನಕ ಬಾರದು. ಆಗ ಪ್ರಮಾಣ, ಸಮಯ ಎರಡನ್ನೂ ಮತ್ತೆ ಮತ್ತೆ ಹೊಂದಿಸಬೇಕು. ಹೆಚ್ಚಾದರೆ ಕೈಕಾಲು ತಾನಾಗಿ ಬಳುಕುತ್ತದೆ, ಕಡಿಮೆಯಾದರೆ ಬಿಗಿಯುತ್ತದೆ. ಆಯ್ದ ಕೆಲವರಿಗೆ ಮಿದುಳಿನೊಳಗೆ ತಂತಿ ಇಟ್ಟು ವಿದ್ಯುತ್ ಕೊಡುವ ಶಸ್ತ್ರಚಿಕಿತ್ಸೆ ಉಪಯೋಗವಾಗುತ್ತದೆ. ಅದಕ್ಕೆ ಹಲವು ಲಕ್ಷ ರೂಪಾಯಿ ಬೇಕು. ನಮ್ಮ ಹೆಚ್ಚಿನ ಮನೆಗಳಿಗೆ ಅದು ದೂರದ ಮಾತು, ಇಲ್ಲಿ ಬಿಡೋಣ.

ಹೊಸ್ತಿಲಿನ ಹತ್ತಿರ ಕಾಲು ಅಂಟಿಕೊಂಡು ನಿಂತುಬಿಡುವ ರೋಗಿಗಳಿದ್ದಾರೆ. ಬಯಲಲ್ಲಿ ನಡೆಯುತ್ತಾರೆ, ಬಾಗಿಲಲ್ಲಿ ನಿಲ್ಲುತ್ತಾರೆ. ಅಂಥವರಿಗೆ ಎಣಿಕೆ ಅಥವಾ ತಾಳ ಕೇಳಿಸಿದರೆ ಹೆಜ್ಜೆ ಏಳುತ್ತದೆ. ಇದನ್ನು ಪರೀಕ್ಷಿಸಿ ನೋಡಿ ಫಿಸಿಯೋಥೆರಪಿಯಲ್ಲಿ ಬಳಸುತ್ತಾರೆ. ಪಾರ್ತಿಸುಬ್ಬನ ಊರಿನವರಾದ ನಮಗೆ ತಾಳಕ್ಕೆ ಬರವಿಲ್ಲ. ಅಕ್ಕನ ಮೊಮ್ಮಗ ಬಾಗಿಲ ಬಳಿ ನಿಂತು ಚಪ್ಪಾಳೆ ತಟ್ಟಿ "ಒಂದು, ಎರಡು" ಎನ್ನುತ್ತಾನೆ, ಅವರು ದಾಟುತ್ತಾರೆ. ಹಿಂದಿನಿಂದ ದೂಡುವುದು, ಕೈ ಹಿಡಿದು ಎಳೆಯುವುದು ಮಾತ್ರ ಬೇಡ. ಬಿದ್ದು ಸೊಂಟದ ಮೂಳೆ ಮುರಿಯುವುದು ಹಾಗೆಯೇ.

ಯಾವ ಭಾಷೆಯಲ್ಲಿ ಹೇಳುವುದು?

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತಿನಲ್ಲಿ ಮಲಯಾಳ. ನಮಗೆ ಇದು ಕಷ್ಟವೇ ಅಲ್ಲ. ಆದರೆ ಎಪ್ಪತ್ತು ದಾಟಿದ, ಸ್ವರ ಇಳಿದ ಒಬ್ಬರು ವೈದ್ಯರ ಎದುರು ಕೂತಾಗ ಹೇಳಬೇಕಾದ ಮಾತು ಸಣ್ಣ ಸಣ್ಣದು. ರಾತ್ರಿ ಮಗ್ಗುಲು ಬದಲಿಸಲಾಗುತ್ತದೆಯೇ, ಇಲ್ಲದ ಜನ ಕಾಣಿಸುತ್ತಾರೆಯೇ, ಮೂತ್ರ ತಡೆಯಲಾಗುತ್ತದೆಯೇ? ಮಗ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಉತ್ತರ ಕೊಡುತ್ತಾನೆ. ಅಮ್ಮ ಹೇಳಿದ್ದರಲ್ಲಿ ಅರ್ಧ, ತನಗೆ ತೋಚಿದ್ದು ಅರ್ಧ. ಎಷ್ಟೋ ವಿಷಯ ಮಗನ ಎದುರು ತಾಯಿ ಹೇಳುವುದೂ ಇಲ್ಲ. ಮರೆವು ಅಳೆಯುವ ಪರೀಕ್ಷೆಯನ್ನು ತಿಳಿಯದ ಭಾಷೆಯಲ್ಲಿ ಮಾಡಿದರೆ ಬುದ್ಧಿ ಸರಿಯಿದ್ದವರೂ ಫೇಲಾಗುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇಂಥ ಪರೀಕ್ಷೆಗಳನ್ನು ಐದು ಭಾಷೆಗಳಲ್ಲಿ ಸಿದ್ಧಪಡಿಸಿದೆ. ಅದರಲ್ಲಿ ಕನ್ನಡವೂ ಇದೆ, ಮಲಯಾಳವೂ ಇದೆ. ಬಳಸುವ ಮನಸ್ಸು ಬೇಕಷ್ಟೆ. ಗಡಿನಾಡಿನಲ್ಲಿ ಕನ್ನಡದ ಹಕ್ಕು ಎಂದರೆ ಬೋರ್ಡು, ಅರ್ಜಿ ನಮೂನೆ ಎಂದೇ ನಾವು ಹೋರಾಡುತ್ತಾ ಬಂದೆವು. ಆಸ್ಪತ್ರೆಯ ಕೋಣೆಯೊಳಗಿನ ಕನ್ನಡದ ಬಗ್ಗೆ ಅಷ್ಟಾಗಿ ಕೇಳಲಿಲ್ಲ, ಈ ಲೇಖಕನೂ ಸೇರಿ.

ಉಕ್ಕಿನಡ್ಕದಲ್ಲಿ ಏನಾಗಬೇಕು?

ಬದಿಯಡ್ಕ ದಾಟಿ ಪೆರ್ಲ ದಾರಿಯಲ್ಲಿರುವ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರ ನವೆಂಬರಿನಲ್ಲಿ ಶಿಲಾನ್ಯಾಸವಾಯಿತು. 2020ರ ಏಪ್ರಿಲಿನಲ್ಲಿ ಕೊರೊನಾ ಆಸ್ಪತ್ರೆಯಾಗಿ ಬಾಗಿಲು ತೆರೆಯಿತು, 2022ರ ಜನವರಿಯಲ್ಲಿ ಹೊರರೋಗಿ ವಿಭಾಗ ಆರಂಭವಾಯಿತು. ಎಂಡೋಸಲ್ಫಾನ್ ಸಂತ್ರಸ್ತರ ಬಹುಕಾಲದ ಬೇಡಿಕೆಯಾಗಿದ್ದ ನರರೋಗ ತಜ್ಞರ ಸೇವೆಯೂ ಆ ವರ್ಷವೇ ಬಂತು. ಅದೇ ಅಕ್ಟೋಬರಿನಲ್ಲಿ ದಯಾಬಾಯಿ ಅವರು ಕಾಸರಗೋಡಿಗೆ ಚಿಕಿತ್ಸಾ ಸೌಲಭ್ಯ ಬೇಕೆಂದು ತಿರುವನಂತಪುರದಲ್ಲಿ ಉಪವಾಸ ಕೂತದ್ದನ್ನು ಓದುಗರು ಮರೆತಿರಲಾರರು. 2025ರಲ್ಲಿ 50 ಎಂಬಿಬಿಎಸ್ ಸೀಟುಗಳಿಗೆ ಅನುಮತಿ ಸಿಕ್ಕಿತು. ಶಿಲಾನ್ಯಾಸದಿಂದ ಸೀಟಿನ ತನಕ ಹನ್ನೆರಡು ವರ್ಷ!

ಎಂಡೋಸಲ್ಫಾನ್ ಮಾತು ಬಂದದ್ದರಿಂದ ಒಂದು ಸ್ಪಷ್ಟನೆ. ಎಣ್ಮಕಜೆ, ಬದಿಯಡ್ಕ ಭಾಗದಲ್ಲಿ ಯಾರ ಕೈ ನಡುಗಿದರೂ ಗೇರುತೋಟದ ಮದ್ದಿನಿಂದ ಎನ್ನುವವರಿದ್ದಾರೆ. 2000ದ ತನಕ ಹೆಲಿಕಾಪ್ಟರಿನಿಂದ ವಿಷ ಸುರಿಸಿಕೊಂಡ ಜನರ ಸಂಶಯವನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಪಾರ್ಕಿನ್ಸನ್‌ಗೂ ಎಂಡೋಸಲ್ಫಾನಿಗೂ ನೇರ ಸಂಬಂಧ ರುಜುವಾತಾಗಿಲ್ಲ. ಪಾರಾಕ್ವಾಟ್ ಎಂಬ ಕಳೆನಾಶಕದ ಮೇಲೆ ಸಂಶಯ ಇದಕ್ಕಿಂತ ಬಲವಾಗಿದೆ, ಕೇರಳ ಅದನ್ನು 2011ರಲ್ಲೇ ನಿಷೇಧಿಸಿದ ಪಟ್ಟಿಯಲ್ಲಿ ಸೇರಿಸಿತ್ತು. ಕಾರಣ ಹುಡುಕುವ ಭರದಲ್ಲಿ ಚಿಕಿತ್ಸೆ ತಡವಾಗಬಾರದು.

ಈ ರೋಗ ಕಡಿಮೆಯಾಗುವ ಲಕ್ಷಣವಿಲ್ಲ. 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ರೋಗಿಗಳಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2050ಕ್ಕೆ ಎರಡೂವರೆ ಕೋಟಿ ಎಂದು 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಮುಖ್ಯ ಕಾರಣ ಜನರಿಗೆ ಪ್ರಾಯವಾಗುತ್ತಿರುವುದು. ಹಿರಿಯರ ಪ್ರಮಾಣದಲ್ಲಿ ಕೇರಳ ದೇಶಕ್ಕೇ ಮುಂದು.

ಇಷ್ಟಾದರೂ ಕೇರಳದ ಈಚೆ ಬದಿಯಲ್ಲಿರುವುದು ಒಂದು ರೀತಿಯಲ್ಲಿ ನಮ್ಮ ಅದೃಷ್ಟ ಎನ್ನಬೇಕು. 2008ರಲ್ಲಿ ಪಾಲಿಯೇಟಿವ್ ನೀತಿ ತಂದ ರಾಜ್ಯ ಇದು. ಹಾಸಿಗೆ ಹಿಡಿದವರ ಮನೆಗೆ ಪಂಚಾಯತಿನ ನರ್ಸ್ ಬರುತ್ತಾರೆ. ಈ ಸೌಕರ್ಯ ತಲಪಾಡಿಯಾಚೆ ಇಷ್ಟು ವ್ಯಾಪಕವಾಗಿಲ್ಲ. ತಜ್ಞರು ಆ ಕಡೆ, ಆರೈಕೆ ಈ ಕಡೆ; ನಡುವೆ ಸಂಪರ್ಕ ಮಾತ್ರ ಇಲ್ಲ. ಮಂಗಳೂರಿನ ಚೀಟಿಯನ್ನು ಮನೆಗೆ ಬರುವ ನರ್ಸಿಗೆ ತೋರಿಸಿ, ಗುಳಿಗೆಯ ಹೊತ್ತು, ಬಿದ್ದ ದಿನ, ಬಿಗಿದ ಗಂಟೆ ಬರೆದಿಡಲು ಹೇಳಿದರೆ ಮುಂದಿನ ಸಲ ತಜ್ಞರಿಗೆ ಅದೇ ದೊಡ್ಡ ವರದಿ. ಹಾಸಿಗೆ ಹಿಡಿಯುವ ತನಕ ಕಾಯದೆ ನಡೆಯುವಾಗಲೇ ಹೆಸರು ಬರೆಸಲು ಕೇಳಬೇಕು.

ಹಣದ ವಿಷಯದಲ್ಲಿ ಇನ್ನೊಂದು ತೊಡಕು. ಆಯುಷ್ಮಾನ್‌ನಂಥ ವಿಮೆ ಆಸ್ಪತ್ರೆಯಲ್ಲಿ ಮಲಗಿದವರಿಗೆ. ಪಾರ್ಕಿನ್ಸನ್ ಖರ್ಚು ಮನೆಯಲ್ಲಿ ಕೂತು ದಿನಕ್ಕೆ ನಾಲ್ಕೈದು ಸಲ ನುಂಗುವ ಗುಳಿಗೆಯದ್ದು, ಅದೂ ಬದುಕಿರುವ ತನಕ. ಲೆವೊಡೋಪಾ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, ಬೆಲೆ ನಿಯಂತ್ರಣದಲ್ಲಿದೆ. ಜನೌಷಧಿ ಮತ್ತು ಕಾರುಣ್ಯ ಮಳಿಗೆಗಳಲ್ಲಿ ಕೇಳಿ ನೋಡಬೇಕು. ಕಂಪೆನಿ ಬದಲಾದರೆ ಪ್ರಮಾಣ ಅದೇ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ವಿಧದ ಅಂಗವೈಕಲ್ಯಗಳಿವೆ. ಅದರಲ್ಲಿ ಪಾರ್ಕಿನ್ಸನ್ ಹೆಸರು ಸೇರಿದೆ ಎಂದು ನಾನು ಕೇಳಿದ ಹತ್ತು ಮನೆಗಳಲ್ಲಿ ಒಂದಕ್ಕೂ ಗೊತ್ತಿರಲಿಲ್ಲ. ವೈದ್ಯಕೀಯ ಮಂಡಳಿ 40 ಶೇಕಡಾ ಅಥವಾ ಹೆಚ್ಚು ಎಂದು ಪ್ರಮಾಣೀಕರಿಸಿದರೆ ಆ ಕಾರ್ಡಿನ ಸವಲತ್ತುಗಳಿಗೆ ಅರ್ಜಿ ಹಾಕಬಹುದು. ಮಂಗಳೂರಿನ ದಾಖಲೆ ಇಟ್ಟುಕೊಂಡು ಕಾಸರಗೋಡಿನ ಮಂಡಳಿಯ ಎದುರು ಹೋಗಬೇಕು. ಹೋಗುವ ಹೊತ್ತನ್ನೂ ನೋಡಿಕೊಳ್ಳಿ. ಗುಳಿಗೆ ಹಿಡಿದಿರುವಾಗ ನೋಡಿದವರಿಗೆ ಇವರು ಚೆನ್ನಾಗಿಯೇ ಇದ್ದಾರೆ ಎನಿಸಬಹುದು. ಬಿಗಿದ ಹೊತ್ತಿನ ವಿಡಿಯೋ ಮೊಬೈಲಿನಲ್ಲಿದ್ದರೆ ತೋರಿಸಬಹುದು.

ಉಕ್ಕಿನಡ್ಕದಲ್ಲಿ ಬೇಕಾದದ್ದು ದೊಡ್ಡ ಯಂತ್ರಗಳೇನಲ್ಲ. ತಿಂಗಳಲ್ಲಿ ಒಂದು ನಿಗದಿತ ದಿನ ಚಲನೆಯ ಕಾಯಿಲೆಗೆಂದೇ ಹೊರರೋಗಿ ವಿಭಾಗ, ತುಳು ಕನ್ನಡ ಬಲ್ಲ ಒಬ್ಬ ನರ್ಸ್, ಫಿಸಿಯೋಥೆರಪಿಸ್ಟ್, ಔಷಧ ಮಳಿಗೆಯಲ್ಲಿ ತಪ್ಪದೆ ಲೆವೊಡೋಪಾ. ತಜ್ಞರ ಹುದ್ದೆ ಒಂದೇ ಆಗಿದ್ದರೆ ಅವರ ರಜೆ, ವರ್ಗಾವಣೆಗಳಿಗೆ ರೋಗಿಗಳು ದಂಡ ತೆರಬೇಕಾಗುತ್ತದೆ. ಎರಡನೆಯ ಹುದ್ದೆ ಬೇಕು. ಶ್ರೀ ಚಿತ್ರಾದಂಥ ಕಡೆಯಿಂದ ದೂರಚಿಕಿತ್ಸೆಯ ಮೂಲಕ ಸಲಹೆ ಪಡೆಯುವ ವ್ಯವಸ್ಥೆಗೆ ಕೇರಳದಲ್ಲಿ ತಳಪಾಯ ಇದೆ. 2020ರಿಂದ ಇ-ಸಂಜೀವನಿ ನಡೆಯುತ್ತಿದೆ. ನಮ್ಮ ಜನಪ್ರತಿನಿಧಿಗಳು ಏಮ್ಸ್ ಕೇಳಲಿ, ಬೇಡವೆನ್ನುವವರಾರು? ಅದರ ಜತೆ ಇದನ್ನೂ ಕೇಳಲಿ.

ಅಕ್ಕನಿಗೆ ಈಗ ಅರವತ್ತೇಳು. ಬೀಡಿ ಬಿಟ್ಟಿದ್ದಾರೆ. ಬೆಳಿಗ್ಗೆ ಆರಕ್ಕೆ ಮೊದಲ ಗುಳಿಗೆ, ಏಳಕ್ಕೆ ಎದ್ದು ಅಂಗಳ ಗುಡಿಸುತ್ತಾರೆ. ಅಡುಗೆಮನೆಯ ಗೋಡೆಯಲ್ಲಿ ಮಗ ಒಂದು ರಟ್ಟು ತೂಗುಹಾಕಿದ್ದಾನೆ. ಗುಳಿಗೆಯ ಹೆಸರು, ಪ್ರಮಾಣ, ಹೊತ್ತು, ಕೊಡಬಾರದ ಮದ್ದುಗಳ ಹೆಸರು ಎಲ್ಲ ಅದರಲ್ಲಿದೆ. ಮೇಲೆ ಕನ್ನಡದಲ್ಲಿ, ಕೆಳಗೆ ಮಲಯಾಳದಲ್ಲಿ. ಕಳೆದ ಮಳೆಗಾಲದಲ್ಲಿ ವಾಂತಿಯಾಗಿ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗ ಅವನು ಆ ರಟ್ಟನ್ನೇ ಗೋಡೆಯಿಂದ ಕಿತ್ತು ಕೊಂಡುಹೋಗಿದ್ದ. ಡಾಕ್ಟರು ಓದಿ, ಬರೆಯಲು ಹೊರಟಿದ್ದ ಇಂಜೆಕ್ಷನ್ ಬಿಟ್ಟು ಬೇರೆ ಬರೆದುಕೊಟ್ಟರು.